ತುಳಿಯದೆ ಇಳಿದ ಇಳಿಜಾರು

ಸವಣೂರಿನ ಖಾನಾವಳಿಯಲ್ಲಿ ಉಂಡು ಹೊರಗೆ ಬಂದರೆ, ಪಕ್ಕದ ಸೈಕಲ್ ಅಂಗಡಿಯ ಅಜ್ಜ ನನ್ನ ಸೈಕಲ್ಲಿನ ಹಿಂದಿನ ಗಾಲಿಗೆ ಹೊಸ ಫ್ರೀವೀಲ್ ಕೂರಿಸಿ ಕೈ ಒರೆಸಿಕೊಳ್ಳುತ್ತಿದ್ದರು. ನಾನು ಕೊಟ್ಟಿದ್ದು ಬರೀ ಗಾಳಿ ಹಾಕಲು.

“ಪೆಡಲ್ ನಿಂದ್ರವಲ್ದಾಗಿತ್ತು ತಮ್ಮಾ. ಫ್ರೀವೀಲ್ ಜಾಮ್ ಆಗಿತ್ತು, ಬದ್ಲಿ ಮಾಡೇನಿ.”

ಜಾಮ್ ಆಗಿರಲಿಲ್ಲ. ನಮ್ಮದು ಫ್ರೀವೀಲೇ ಇಲ್ಲದ ಫಿಕ್ಸೆಡ್ ಗೇರ್ ಸೈಕಲ್. ಗಾಲಿ ಉರುಳುವಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು. ಹಿರೇಕೆರೂರಿನಿಂದ ಹಾನಗಲ್, ಬಂಕಾಪುರ, ಸವಣೂರು ಸುತ್ತಿ ಶಿಗ್ಗಾಂವಿಯವರೆಗೆ ಅದರಲ್ಲೇ ಹೋಗುತ್ತೇವೆಂದು ನಾವು ಮೂವರು ಗೆಳೆಯರು ಪಣ ತೊಟ್ಟಿದ್ದೆವು.

“ಮತ್ತ ಹಳೇದ ಹಾಕ್ಸಲೇ, ಇಲ್ಲಂದ್ರ ಸೋತಿ!” ಎಂದು ಬಸು ನಕ್ಕ.

ವಿಷಯ ತಿಳಿದ ಅಜ್ಜನ ಮುಖ ಸಣ್ಣದಾಯಿತು. “ಇಳಿಜಾರಿನ್ಯಾಗೂ ಕಾಲಿಗೆ ಆರಾಮ ಇಲ್ಲಂದ್ರ ಅದೆಂಥಾ ಸೈಕಲ್ಲೋ?”

“ಇರ್ಲಿ ಬಿಡ್ರಿ ಅಜ್ಜಾ,” ಎಂದೆ. ಮುಂದಿನ ಗಾಲಿಗೆ ಬ್ರೇಕ್ ಇತ್ತು. ಹಾಗೆಯೇ ಹೊರಟೆ.

ಶಿಗ್ಗಾಂವಿ ಹಾದಿಯ ಇಳಿಜಾರಿನಲ್ಲಿ ಕಾಲು ನಿಲ್ಲಿಸಿದೆ. ಫ್ರೀವೀಲ್ ಟಿಕಟಿಕ ಎಂದಿತು. ಎಷ್ಟು ವರ್ಷವಾಗಿತ್ತು ಆ ಸದ್ದು ಕೇಳಿ! ಬಸ್ ತಪ್ಪಿದ ದಿನ ಅಪ್ಪ ನನ್ನನ್ನು ಹಿಂದೆ ಕೂರಿಸಿಕೊಂಡು ತಿಳವಳ್ಳಿಯಿಂದ ಹಾನಗಲ್ ಕಾಲೇಜಿನವರೆಗೆ ತುಳಿಯುತ್ತಿದ್ದ. ಏರಿನಲ್ಲಿ ಅವನಿಗೆ ಮಾತಾಡಲು ಉಸಿರಿರುತ್ತಿರಲಿಲ್ಲ. ಇಳಿಜಾರಿನಲ್ಲಿ ಈ ಟಿಕಟಿಕ ಶುರುವಾದೊಡನೆ, ಸಾಲಿಯ ಮೆಟ್ಟಿಲು ಹತ್ತದ ಅಪ್ಪ ಕೇಳುತ್ತಿದ್ದ: “ಈಗ ಹೇಳು, ನಿನ್ನಿ ಏನ್ ಕಲತಿ?”

ನಮ್ಮ ಮನೆಯಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಗೆಳೆಯರ ಪಾಲಿಗೆ ಪಣ ಸೋತವನೂ ನಾನೇ. ಅಜ್ಜ ಹಾಕಿದ ಫ್ರೀವೀಲನ್ನು ಇನ್ನೂ ಬಿಚ್ಚಿಲ್ಲ.