ಬರುವ ವಿಮಾನವೇ ಬೇಕು

ಬಹರೇನಿನ ಸಿತ್ರಾದ ನಮ್ಮ ಕ್ಯಾಂಪಿನಲ್ಲಿ ಅಡುಗೆ ಮಾಡುವ ಲಾರೆನ್ಸಣ್ಣನ ಮಗಳ ರೋಸ್, ಅಂದರೆ ಮದುವೆಯ ಮುಂಚಿನ ಸಂಜೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ಮಂಗಳೂರಿನಲ್ಲಿ ಏಳು ಗಂಟೆಗೆ. ನಾನೇ ಅವರನ್ನು ಟಿಕೆಟ್ ಏಜೆಂಟನ ಹತ್ತಿರ ಕರಕೊಂಡು ಹೋದೆ. ಹೋಗಿಬರುವ ಟಿಕೆಟಿನಲ್ಲಿ, ಅವತ್ತಿನ ವಿಮಾನ ಅಲ್ಲಿ ಇಳಿಯುವುದೇ ಏಳೂವರೆಗೆ ಎಂದು ನೋಡಿ ಹಾರಿಬಿದ್ದರು.

“ಬರಲಿಕ್ಕೆ ಒಂದೂವರೆ ಗಂಟೆ, ಹೋಗಲಿಕ್ಕೆ ಆರೂವರೆಯಾ? ಹೋಗಲಿಕ್ಕೂ ಆ ಬರುವ ವಿಮಾನವನ್ನೇ ಕೊಡಿ ಮಾರಾಯ್ರೆ!”

“ದೂರ ಒಂದೇ ಅಣ್ಣಾ, ಹಾರುವುದು ನಾಲ್ಕೇ ಗಂಟೆ. ಊರಿನ ಗಡಿಯಾರ ಎರಡೂವರೆ ಗಂಟೆ ಮುಂದೆ ಉಂಟು,” ಎಂದೆ ನಾನು.

ಲಾರೆನ್ಸಣ್ಣ ಅಲ್ಲಿಂದಲೇ ಹೆಂಡತಿಗೆ ಫೋನ್ ಹಚ್ಚಿದರು. “ಮನೆ ಗಡಿಯಾರ ಎರಡೂವರೆ ಗಂಟೆ ಹಿಂದೆ ತಿರುಗಿಸು. ನಾನು ಬರದೆ ಹಾಲು ಮುಟ್ಟಬೇಡಿ!”

“ನಿಧಾನ ಬನ್ನಿ,” ಎಂದಿತು ಸ್ಪೀಕರಿನಲ್ಲಿ ಆಕೆಯ ಸ್ವರ. “ಏಳರ ರೋಸ್ ನಮ್ಮಲ್ಲಿ ಒಂಬತ್ತೂವರೆಗೆ ಮೊದಲು ಯಾವಾಗ ಶುರುವಾದದ್ದು?”

ನಮ್ಮ ಊರಿನವರು ಮೊದಲಿನಿಂದಲೂ ಬಹರೇನ್ ಟೈಮಿನಲ್ಲೇ ಇದ್ದಾರೆಂದು ನನಗೆ ಗೊತ್ತಾದದ್ದು ಆವತ್ತೇ.