ಹನ್ನೆರಡು ಏಟಿನ ಚುಕ್ಕಿ

ಅರವತ್ತರ ದಶಕದಲ್ಲಿ ನಾನು ಕಲ್ಯಾಣದುರ್ಗದ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಶನಿವಾರ ಬಸ್ಸು ಹತ್ತಿ ಹಿಂದೂಪುರದ ಮನೆಗೆ ಬರುತ್ತಿದ್ದೆ. ಕೈಯಲ್ಲಿ ಹೊಸ ಗಡಿಯಾರ, ತಲೆಯಲ್ಲಿ ಅದಕ್ಕಿಂತ ಹೊಸ ಜಂಬ.

ಮುಸ್ಸಂಜೆ ಮಾಳಿಗೆ ಹತ್ತಿ ಉಪಗ್ರಹ ನೋಡುವುದು ನನ್ನ ಹುಚ್ಚು. ಅವುಗಳಲ್ಲೊಂದು ಮಿನುಗಿ ಆರಿ, ಮಿನುಗಿ ಆರಿ ಸಾಗುತ್ತಿತ್ತು. ಅದು ಖಾಲಿಯಾದ ರಾಕೆಟ್ಟಿನ ತುಂಡು, ಉರುಳುತ್ತ ಹೋಗುವಾಗ ಬಿಸಿಲು ಬಿದ್ದು ಹೊಳೆಯುತ್ತದೆ ಎಂದು ಒಂದು ಸಂಜೆ ಜೊತೆಗೆ ಹತ್ತಿ ಬಂದಿದ್ದ ಅಮ್ಮನಿಗೆ ವಿವರಿಸಿದೆ. ನನ್ನ ಗಡಿಯಾರದಲ್ಲಿ ಒಂದು ಮಿನುಗಿನಿಂದ ಇನ್ನೊಂದಕ್ಕೆ ಎಂಟು ಸೆಕೆಂಡು. ಅಮ್ಮ ಚಿಕ್ಕಂದಿನಿಂದ ಮಗ್ಗದಲ್ಲಿ ಕೂತವಳು. ಲಾಳಿ ಓಡುವ ಲಯದಲ್ಲಿ ತೊಡೆ ತಟ್ಟಿಕೊಂಡು, "ಹತ್ತು ಏಟು ಕಣಪ್ಪ" ಅಂದಳು. ಒಲೆಯ ಮುಂದೆಯೂ ಅವಳಿಗೆ ಅದೇ ಗಡಿಯಾರ. ಅವಳ ಅನ್ನ ಒಂದು ದಿನವೂ ತಳ ಹಿಡಿದಿದ್ದಿಲ್ಲ.

ಕೆಲವು ವಾರಗಳ ಮೇಲೆ ಅದೇ ತುಂಡು ಮತ್ತೆ ಬಂತು. ಅಮ್ಮ ತಟ್ಟಿ ನೋಡಿ, "ಈಗ ಹನ್ನೆರಡಾಗೈತೆ" ಅಂದಳು. ನಾನು ಗಡಿಯಾರ ನೋಡುವ ಗೋಜಿಗೇ ಹೋಗಲಿಲ್ಲ.

"ಎಂಟು ಸೆಕೆಂಡು ಅಂತ ಬರ್ದಿಟ್ಟಿದ್ದೀನಿ. ಅದು ಬದಲಾಗಾಕಿಲ್ಲ ಕಣಮ್ಮ. ನಿನ್ ಕೈಯೇ ಲಯ ತಪ್ಪೈತೆ."

ಅಮ್ಮ ಮೆಟ್ಟಿಲಿಳಿದಳು.

ಸೋಮವಾರ ಸಂಜೆ ಕಲ್ಯಾಣದುರ್ಗದ ಶಾಲೆಯ ಬಯಲಿನಲ್ಲಿ ನಿಂತು ಅದೇ ತುಂಡಿನ ಮಿನುಗನ್ನು ಗಡಿಯಾರದಲ್ಲಿ ಅಳೆದೆ. ಒಂಬತ್ತೂವರೆ ಸೆಕೆಂಡು! ಮತ್ತೆ ಅಳೆದೆ, ಅಷ್ಟೇ. ತುಂಡಿನ ಉರುಳಾಟವೇ ನಿಧಾನವಾಗಿತ್ತು. ಎರಡು ಸೆಕೆಂಡೂ ಇಲ್ಲದ ಆ ವ್ಯತ್ಯಾಸವನ್ನು ಅಮ್ಮ ಬರಿಗೈಯಲ್ಲಿ ಹಿಡಿದಿದ್ದಳು. ಹೆಮ್ಮೆಯೂ ನಾಚಿಕೆಯೂ ಒಟ್ಟಿಗೇ ಬಂದು ಕಿವಿ ಬಿಸಿಯಾಯಿತು.

ಶನಿವಾರ ಮನೆಗೆ ಬಂದರೆ ಮಗ್ಗದ ಸದ್ದಿಲ್ಲ. ಅರ್ಧ ನೇಯ್ದ ಸೀರೆಯ ಮೇಲೆ ಹಳೇ ಪಂಚೆ ಹೊದಿಸಿತ್ತು.

"ಲಯ ತಪ್ಪಿದ್ ಕೈ ಇನ್ನೊಬ್ರ ಮದ್ವೆ ಸೀರೆ ಕೆಡಿಸ್ಬಾರ್ದು ನಾಯನಾ. ನೀನು ಓದ್ದೋನು, ಸುಮ್ಸುಮ್ನೆ ಹೇಳ್ತೀಯಾ?" ಅಂದಳು ಅಮ್ಮ.

ನನ್ನ ಒಂದು ಮಾತಿಗೆ ಅವಳು ಆರು ದಿನ ಲಾಳಿ ಮುಟ್ಟಿರಲಿಲ್ಲ. ಅವಳ ಕಾಲ ಬಳಿ ಕೂತು ಅಳೆದದ್ದನ್ನೆಲ್ಲ ಹೇಳಿದೆ, ತಪ್ಪು ನನ್ನದು ಅಂದೆ. ಅಮ್ಮ ನನ್ನ ಮಣಿಕಟ್ಟು ಹಿಡಿದು ಗಡಿಯಾರವನ್ನು ಕಿವಿಗೊತ್ತಿಕೊಂಡಳು. ಇನ್ನೊಂದು ಕೈಯಿಂದ ತೊಡೆ ತಟ್ಟುತ್ತ ಬಹಳ ಹೊತ್ತು ಕೇಳಿದಳು. ಆಮೇಲೆ ಎದ್ದು, ಪಂಚೆ ಸರಿಸಿ, ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕೂತಳು.

"ಪರವಾಗಿಲ್ಲ ಕಣಪ್ಪ," ಅಂದಳು ಲಾಳಿ ಕೈಗೆತ್ತಿಕೊಂಡು, "ನಿನ್ ಗಡಿಯಾರಾನೂ ಸರಿಯಾಗೇ ನಡೀತೈತೆ."