ಗಡಿಯಾಚೆಗೆ ಹೋದ ಅಪ್ಪ

ಟೆಕ್ಸಸ್‌ನ ಫ್ಲೂಗರ್‌ವಿಲ್‌ನಲ್ಲಿ ತಾನು ಕೆಲಸ ಮಾಡುವ ಡೇಕೇರ್‌ನಲ್ಲಿ ಮಕ್ಕಳೆಲ್ಲ ಮಧ್ಯಾಹ್ನದ ನಿದ್ದೆಗೆ ಜಾರಿದಾಗ, ಪರದೆ ಎಳೆದ ನಸುಗತ್ತಲಲ್ಲಿ ಕೂತು ಇಂದುಮತಿ ತೂಕಡಿಕೆಯ ಕನಸಿನಲ್ಲಿ ಮಾಜಿ ಗಂಡ ಕಲ್ಮೇಶನನ್ನು ಹುಡುಕುತ್ತ ಹೋಗುತ್ತಿದ್ದಳು. ಕಂಡಿರದ ಊರುಗಳು, ಹೆಸರಿಲ್ಲದ ಬೀದಿಗಳು, ಬಡಿದ ಬಾಗಿಲಲ್ಲೆಲ್ಲ ಬೇರೆ ಯಾರದೋ ಮುಖ. ಯಾವುದೋ ಮಗು ಮಗ್ಗುಲಾದರೆ ಎಚ್ಚರ.

ವಿಚ್ಛೇದನವಾದ ಮೇಲೆ ಕಲ್ಮೇಶ ಟೆಕ್ಸಸ್ ಬಿಟ್ಟಿದ್ದ. ಮಗಳು ಇಶಾಳ ಖರ್ಚಿಗೆ ತಿಂಗಳು ತಿಂಗಳು ಕೊಡಬೇಕೆಂದು ಆಸ್ಟಿನ್ನಿನ ಕೋರ್ಟು ಹೇಳಿತ್ತು. ಒಂದಷ್ಟು ದಿನ ಕಳಿಸಿದ. 2014ರ ಬೇಸಿಗೆಗೆ ಹಣವೂ ನಿಂತಿತು, ಫೋನ್ ನಂಬರೂ ಬದಲಾಯಿತು.

"ಎಲ್ಲಿ ಅಂತ ಹುಡುಕ್ಲಿರಿ ಆಂಟಿ? ಈ ದೇಶಕ್ಕೇನು ತುದಿ-ಬುಡ ಅದ ಏನ್ರಿ?" ಎಂದಳು, ಪಕ್ಕದ ಮನೆಯ ಶಕುಂತಲಾ ಆಂಟಿಯ ಎದುರು.

"ನೀನ್ಯಾಕಮ್ಮ ಹುಡುಕ್ಬೇಕು? ಮಕ್ಕಳ ಖರ್ಚು ವಸೂಲಿ ಮಾಡೋಕೇ ಅಂತ ಸರ್ಕಾರದ ಆಫೀಸಿದೆ. ನಡಿ, ನಾನೇ ಡ್ರೈವ್ ಮಾಡ್ತೀನಿ," ಎಂದರು ಮೈಸೂರು ಕಡೆಯವರಾದ ಆ ಆಂಟಿ.

ಅಲ್ಲಿನ ಅಧಿಕಾರಿ ಸಮಾಧಾನವಾಗಿ ವಿವರಿಸಿದಳು. ಆತ ಯಾವ ರಾಜ್ಯದಲ್ಲಿ ಹೊಸ ಕೆಲಸಕ್ಕೆ ಸೇರಿದರೂ ಕಂಪನಿಯವರು ಅಲ್ಲಿನ ಸರ್ಕಾರಕ್ಕೆ ತಿಳಿಸಬೇಕು. ಆ ಸುದ್ದಿ ಇಲ್ಲಿಗೂ ಬರುತ್ತದೆ. ಗಡಿ ದಾಟಿದ ಮಾತ್ರಕ್ಕೆ ಕೋರ್ಟಿನ ಆದೇಶ ಬಿದ್ದುಹೋಗುವುದಿಲ್ಲ.

ಮರಗಳ ಎಲೆ ಕೆಂಪಾಗುವ ಹೊತ್ತಿಗೆ ಕಲ್ಮೇಶ ಓಹಾಯೋದಲ್ಲಿ ಸಿಕ್ಕಿದ. ಟೆಕ್ಸಸ್‌ನ ಆಫೀಸು ಅಲ್ಲಿನ ಕಂಪನಿಗೆ ಆದೇಶ ಕಳಿಸಿತು. ಹಣ ಅವನ ಸಂಬಳದಲ್ಲೇ ಕಡಿತವಾಗಿ ಬರತೊಡಗಿತು. ಇಂದುಮತಿ ಯಾರ ಬಾಗಿಲನ್ನೂ ಬಡಿಯಬೇಕಾಗಲಿಲ್ಲ. ಹಗುರವೆನಿಸಿತು, ಜೊತೆಗೆ, ಕೇಳಬೇಕೆಂದಿದ್ದ ಮಾತೆಲ್ಲ ಬಾಯಲ್ಲೇ ಉಳಿದಂತೆಯೂ ಅನಿಸಿತು.

ಚಳಿಗಾಲದ ಒಂದು ಭಾನುವಾರ ಅವನೇ ಫೋನ್ ಮಾಡಿದ.

"ನನ್ನ ಆಫೀಸಿನ ತನಕಾ ಹೋದಿಯೇನು? ನಾಲ್ಕು ಮಂದ್ಯಾಗ ನನ್ನ ಮಾನ ಕಳದಿ."

ಅವಳಿಗೆ ಸಿಟ್ಟು ಬರಲಿಲ್ಲ. ಅಷ್ಟು ದೂರದಿಂದ ಆ ದನಿ ನೀರೊಳಗಿಂದ ಬಂದಂತಿತ್ತು. "ಇಶಾ ಇಲ್ಲೇ ಅದಾಳ. ಮಾತಾಡ್ತಿಯೇನು?" ಎಂದಳು.

ಮಗಳು ಫೋನ್ ಇಸಿದುಕೊಂಡು, "ಅಪ್ಪಾ, ಈಸ್ ಇಟ್ ಸ್ನೋಯಿಂಗ್ ದೇರ್?" ಎಂದಳು.

ಅವನು ಹಿಮದ ಬಗ್ಗೆ ಹೇಳತೊಡಗಿದ. ಕಾರು ಹೂತುಹೋದದ್ದು, ಬೆಳಗ್ಗೆ ಬೀದಿಯೇ ಇಲ್ಲದಂತಾದದ್ದು. ಇಶಾ ಕಣ್ಣು ಮುಚ್ಚಿಕೊಂಡು ಕೇಳಿದಳು.

ಆಮೇಲೆ ಕೆಲವು ಭಾನುವಾರ ಫೋನ್ ಬಂತು, ಕೆಲವು ಭಾನುವಾರ ಬರಲಿಲ್ಲ. ಅವನು ಮಾತಾಡಲಿ, ಬಿಡಲಿ, ಮಗಳ ಪಾಲಿನ ಹಣ ಮಾತ್ರ ತಪ್ಪಲಿಲ್ಲ. ಅದರಲ್ಲೇ ಇಂದುಮತಿ ಅವಳನ್ನು ಈಜಿನ ಕ್ಲಾಸಿಗೆ ಸೇರಿಸಿದಳು. ಕೊಳದ ದಂಡೆಯಲ್ಲಿ ಪಾದ ಇಳಿಬಿಟ್ಟು ಕೂತು, ಮಗಳು ಬೆಳಕಿನ ತುಣುಕುಗಳ ನಡುವೆ ಕೈ ಬೀಸುತ್ತ ಬರುವುದನ್ನು ನೋಡುತ್ತಿದ್ದಳು.